ಓದಿಸದೆ ಸಹಿ ಇಲ್ಲ

ಸರ್ಕಾರಿ ಜೀಪು ಕುರುಡರ ಬಾಗಿಲಿಗೆ ಬಂದು ನಿಂತಿದೆ ಎಂದರೆ ಅದರ ಹಿಂದೆ ಏನೋ ಇದೆ ಎಂದೇ ಅರ್ಥ. ಗುರುದೇವಿಗೆ ಐವತ್ತಮೂರು ವರ್ಷ. ಹುಟ್ಟುಕುರುಡಿ. ಈ ಐವತ್ತಮೂರು ವರ್ಷಗಳಲ್ಲಿ ಅವಳನ್ನು ಅರ್ಧ ದಾರಿಯಲ್ಲಿ ಇಳಿಸಿಹೋದ ವಾಹನಗಳು ಬೇಕಾದಷ್ಟಿವೆ. ಹತ್ತಿಸಿಕೊಂಡು ಹೋಗಲೆಂದೇ ಬಂದದ್ದು ಇದೇ ಮೊದಲು. ಡ್ರೈವರ್ "ಮೇಡಂ" ಎಂದ. ಹಾರ್ನ್ ಹೊಡೆಯದೆ ತಾನೇ ಇಳಿದು ಬಂದು ಬಾಗಿಲು ತೆಗೆದ. ಅವಳ ಅನುಮಾನ ಇನ್ನಷ್ಟು ಹೆಚ್ಚಿತು.

ಕುರುಬರಹಳ್ಳಿಯ ಹಳೇ ಸರ್ಕಾರಿ ಕಟ್ಟಡವೊಂದರ ಕೆಳಗಡೆ ಅವಳ ಸಂಘದ ಕೋಣೆ. ಅಲ್ಲಿ ಅವಳೂ ಸೇರಿ ಆರು ಜನ ಕುರುಡು ಹೆಂಗಸರು ಕುರ್ಚಿಗೆ ಬೆತ್ತ ಹೆಣೆಯುತ್ತಾರೆ. ಕಚೇರಿಗಳಿಂದ ತಳ ಹರಿದ ಕುರ್ಚಿಗಳು ಬರುತ್ತವೆ. ಬೆತ್ತದ ಪಟ್ಟಿಯನ್ನು ನೀರಿನಲ್ಲಿ ನೆನೆಸಬೇಕು. ಒದ್ದೆ ಇರುವಾಗಲೇ ತೂತಿಗೆ ಪೋಣಿಸಿ, ಮೊಣಕಾಲು ಕೊಟ್ಟು ಎಳೆಯಬೇಕು. ಬೆತ್ತದ ಅಂಚು ಬ್ಲೇಡಿನ ಹಾಗೆ. ಆರು ಜನರ ಅರವತ್ತು ಬೆರಳುಗಳಲ್ಲಿ ಗಾಯವಿಲ್ಲದ ಒಂದು ಬೆರಳು ಹುಡುಕಿದರೂ ಸಿಗದು. ಇವರು ಹೆಣೆದ ಕುರ್ಚಿಯ ಮೇಲೆ ಕೂತ ಸಾಹೇಬರು ಇವರಿಗೇ "ಇನ್ನೊಂದು ವಾರ ಬಿಟ್ಟು ಬನ್ನಿ" ಎನ್ನುತ್ತಾರೆ. ಕೋಣೆಗೆ ಬರೆದುಕೊಟ್ಟ ಕಾಗದವಿಲ್ಲ. ಬಾಯಿಮಾತಿನ ಮೇಲೆ ಬಿಟ್ಟುಕೊಟ್ಟದ್ದು.

ಹಿಂದಿನ ಸಂಜೆ ಮಧ್ವೇಶ ಫೋನ್ ಮಾಡಿದ್ದ. ಅವನು ಅಂಗವಿಕಲರ ಈ ಸಂಘದ ಅಧ್ಯಕ್ಷ. ಪೋಲಿಯೊ ತಿಂದ ಬಲಗಾಲು, ಕಂಕುಳಲ್ಲಿ ಊರುಗೋಲು, ಕಣ್ಣು ಮಾತ್ರ ಚೆನ್ನಾಗಿದೆ.

"ನಾಳೆ ವಿಜಯನಗರದಲ್ಲಿ ಇನ್‌ಸ್ಪೆಕ್ಷನ್ ಇದೆ ಗುರುದೇವಿ. ಹೊಸ ಫುಟ್‌ಪಾತು. ಕಣ್ಣು ಕಾಣ್ದೋರಿಗೆ ಅಂತಲೇ ಹಳದಿ ಟೈಲ್ಸ್ ಹಾಕಿದಾರಲ್ಲ, ಅದನ್ನ ನಮ್ಮೋರೇ ನಡೆದು ನೋಡ್ಬೇಕಂತೆ. ನೀನೇ ಬರ್ಬೇಕು."

"ಯಾವ ಫುಟ್‌ಪಾತು? ರೇವಣಸಿದ್ದ ಬಿದ್ದು ಸತ್ತಿದ್ದಾ?"

"ಹೂಂ, ಅದೇ. ಅದಕ್ಕೇ ತಾನೆ ನೋಡ್ಬೇಕಾಗಿರೋದು?"

"ಅವನು ಬೀಳೋಕೆ ಮುಂಚೆ ಯಾಕೆ ಕರೀಲಿಲ್ಲ?"

"ನಿನಗೆ ಎಲ್ಲದ್ರಲ್ಲೂ ಅನುಮಾನ ಕಣೇ," ಎಂದು ಮಧ್ವೇಶ ನಕ್ಕ.

ಅನುಮಾನ ಪಡದೆ ಇನ್ನೇನು ಮಾಡಬೇಕು? ರೇವಣಸಿದ್ದ ಕಲಬುರಗಿ ಕಡೆಯವನು. ಗುರುದೇವಿಯ ಹಾಗೇ ಕುರುಡ. ವಿಜಯನಗರದ ಬಸ್ ನಿಲ್ದಾಣದಲ್ಲಿ ಇಪ್ಪತ್ತು ವರ್ಷ ಬಾಚಣಿಗೆ, ಪಿನ್ನು, ಮೊಬೈಲ್ ಕವರು ಮಾರಿದವನು. ಗುರುದೇವಿ ವಿಜಯಪುರದವಳೆಂದು ತಿಳಿದ ದಿನದಿಂದ ಅವಳನ್ನು ಅಕ್ಕಾ ಎನ್ನುತ್ತಿದ್ದ. ಜನವರಿ ಇಪ್ಪತ್ತೊಂಬತ್ತರ ಸಂಜೆ ಹೊಸ ಹಳದಿ ಟೈಲ್ಸ್ ಹಿಡಿದು ನಡೆದ. ಆ ಟೈಲ್ಸ್ ಅವನನ್ನು ನೆಟ್ಟಗೆ ಒಯ್ದು ಬಾಯಿ ತೆರೆದಿದ್ದ ಚರಂಡಿ ಗುಂಡಿಗೆ ಬಿಟ್ಟವು. ಎಂಟಡಿ ಆಳ. ಕತ್ತು ಮುರಿಯಿತು. ಅವನ ಹೆಂಡತಿ ಲಕ್ಷ್ಮವ್ವ ಅನ್ನಪೂರ್ಣೇಶ್ವರಿ ನಗರದಲ್ಲಿ ನಾಲ್ಕು ಮನೆಯ ಪಾತ್ರೆ ತೊಳೆದು ಬರುವಷ್ಟರಲ್ಲಿ ಹೆಣ ಆಸ್ಪತ್ರೆ ಸೇರಿತ್ತು. ಪೊಲೀಸರು "ಮೃತನ ಅಜಾಗರೂಕತೆಯಿಂದ" ಎಂದು ಬರೆದು ಕೈ ತೊಳೆದುಕೊಂಡರು.

ಲಕ್ಷ್ಮವ್ವ ಬಿಡಲಿಲ್ಲ. ಯಾರ ಯಾರದೋ ಕೈಕಾಲು ಹಿಡಿದು ವಕೀಲರೊಬ್ಬರಿಂದ ದೂರು ಹಾಕಿಸಿದಳು. ಗುಂಡಿಯ ಮುಚ್ಚಳ ತೆಗೆದವರು ಯಾರು, ಟೈಲ್ಸ್ ಹಾಕಿಸಿದವರು ಯಾರು, ಅವರ ಹೆಸರು ಬರೆಯಬೇಕು. ಸತ್ತವನದೇ ತಪ್ಪು ಎಂಬ ಸಾಲು ಹೊಡೆದುಹಾಕಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

"ಇಪ್ಪತ್ತ್ ವರ್ಷ ಈ ಊರಾಗ ಒಬ್ಬನ ಅಡ್ಡಾಡ್ಯಾನ್ರೀ ಅಕ್ಕಾ. ಒಂದ್ ದಿನಾನೂ ಎಡವಿದ್ದಿಲ್ಲ. ಈಗ ಅವನ ಹುಷಾರಿದ್ದಿಲ್ಲ ಅಂತಾರ," ಎಂದು ಅವಳು ಗುರುದೇವಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತಿದ್ದಳು. ಗುರುದೇವಿಗೆ ಅಳು ಬರಲಿಲ್ಲ. ಸಿಟ್ಟು ಬಂತು.

ಹಾಗೆಂದು ಮಧ್ವೇಶನನ್ನು ಅನುಮಾನಿಸುವುದು ಸುಲಭದ ಮಾತಲ್ಲ. ಹಿಂದೆ, ಅವಳು ಇಪ್ಪತ್ತರ ಹರೆಯದಲ್ಲಿದ್ದಾಗ, ಖಾತೆ ತೆರೆಯಲೆಂದು ಒಂದು ಬ್ಯಾಂಕಿಗೆ ಹೋಗಿದ್ದಳು. ಮ್ಯಾನೇಜರು ಶಾಯಿ ಡಬ್ಬಿ ಮುಂದಿಟ್ಟ. ಹೆಬ್ಬೆಟ್ಟು ಒತ್ತು, ಕಣ್ಣಿರೋರು ಇಬ್ಬರನ್ನು ಸಾಕ್ಷಿಗೆ ಕರೆದುಕೊಂಡು ಬಾ ಎಂದ. ತನಗೆ ಸಹಿ ಹಾಕಲು ಬರುತ್ತದೆ ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ. ಅವಳ ಹೆಬ್ಬೆರಳನ್ನು ತಾನೇ ಹಿಡಿದು ಶಾಯಿಗೆ ಅದ್ದಿದ. ದನದ ಕಿವಿಗೆ ಓಲೆ ಚುಚ್ಚುವಾಗ ದನವನ್ನು ಯಾರು ಕೇಳುತ್ತಾರೆ? ಆ ಶಾಯಿಯನ್ನು ಅವಳು ಅವನ ಅಂಗಿಗೇ ಒರೆಸಿ ಬಂದಳು.

ಅಂಗವಿಕಲರಿಗೆ ಹಕ್ಕು ಕೊಡುವ ಕಾನೂನು ತೊಂಬತ್ತೈದರಲ್ಲಿ ಬಂದಿತ್ತು. ಅದು ದೆಹಲಿಯಿಂದ ಹೊರಟಿತ್ತು, ಬ್ಯಾಂಕಿನ ಮೆಟ್ಟಿಲು ಇನ್ನೂ ಹತ್ತಿರಲಿಲ್ಲ. ಇಪ್ಪತ್ತು ಜನ ಸೇರಿ ಆ ಬ್ಯಾಂಕಿನ ಬಾಗಿಲಲ್ಲಿ ಏಳು ದಿನ ಕೂತರು. ಮಧ್ವೇಶ ಹೊಸ್ತಿಲಿಗೆ ಅಡ್ಡ ಮಲಗಿದ, ದಾಟುವವರು ನನ್ನನ್ನು ತುಳಿದು ದಾಟಿ ಎಂದ. ಪೊಲೀಸರು ಅವನ ಸೊರಗಿದ ಕಾಲನ್ನೇ ಹಿಡಿದು ಎಳೆದರು. ಮುಂದಿನ ಹಲ್ಲು ಮುರಿಯಿತು. ರಕ್ತ ಉಗಿದು, ತೆವಳಿಕೊಂಡು ಬಂದು ಮತ್ತೆ ಅಲ್ಲೇ ಮಲಗಿದ. ಎಂಟನೇ ದಿನ ಗುರುದೇವಿ ಸಹಿ ಹಾಕಿ ಖಾತೆ ತೆರೆದಳು.

ಅವತ್ತೇ ಸಂಘ ಒಂದು ನಿಯಮ ಮಾಡಿಕೊಂಡಿತು. ಸಹಿ ಹಾಕುವ ಹಕ್ಕು ಬಂತು, ಸರಿ. ಆದರೆ ಕಾಗದದಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ಓದಿ ಹೇಳುವವರ ಬಾಯನ್ನು ನಂಬಬೇಕು. ಒಂದು ಬಾಯನ್ನು ನಂಬಬಾರದು. ಯಾವ ಕಾಗದವನ್ನೇ ಆಗಲಿ ಎರಡು ಬಾಯಿ ಓದಬೇಕು. ಆ ಎರಡು ಬಾಯಿಗೂ ಒಂದಕ್ಕೊಂದರ ಗುರುತು ಇರಬಾರದು. ಎರಡನೆಯವರು ದಾರಿಹೋಕರಾದರೂ ಅಡ್ಡಿಯಿಲ್ಲ. ಈ ನಿಯಮವನ್ನು ಹೇಳಿಕೊಟ್ಟವನು ಮಧ್ವೇಶನೇ.

ಆಮೇಲೆ ಶಾಲುಗಳು ಬಂದವು. ಮಧ್ವೇಶ ಒಂದು ಸಮಿತಿಗೆ ಸದಸ್ಯನಾದ, ಆಮೇಲೆ ಇನ್ನೊಂದಕ್ಕೆ. ಎರಡು ಸಾವಿರದ ಹದಿನಾರರಲ್ಲಿ ಹೊಸ ಕಾನೂನು ಬಂದಾಗ ಅವನಿಗೆ ಮೂರು ವೇದಿಕೆಗಳಲ್ಲಿ ಸನ್ಮಾನವಾಯಿತು. ಆ ಮೂರು ವೇದಿಕೆಗಳಿಗೂ ಮೆಟ್ಟಿಲಿದ್ದವು. ಮೂರಕ್ಕೂ ಅವನನ್ನು ಇಬ್ಬರು ಎತ್ತಿಕೊಂಡು ಹೋದರು, ಅವನು ಸುಮ್ಮನೆ ಎತ್ತಿಸಿಕೊಂಡ. ಸರ್ಕಾರ ಇವರನ್ನು ಮೊದಲು ಅಂಗವಿಕಲರು ಎಂದಿತು, ಆಮೇಲೆ ವಿಕಲಚೇತನರು ಎಂದಿತು, ಈಗ ವಿಶೇಷಚೇತನರು ಎನ್ನುತ್ತದೆ. ಹೆಸರು ಬದಲಾದಾಗಲೆಲ್ಲ ಒಂದು ಸಮಾರಂಭ. ಗುಂಡಿಗಳಿಗೆ ಮಾತ್ರ ಮುಚ್ಚಳ ಬರಲಿಲ್ಲ.

ವಿಜಯನಗರದಲ್ಲಿ ಇಳಿದ ಕೂಡಲೇ ಒಂದು ಕೈ ಅವಳ ಮೊಣಕೈ ಹಿಡಿಯಿತು. ಮಲ್ಲಿಗೆ ಸೆಂಟಿನ ವಾಸನೆ.

"ನಾನು ಗಿರಿರಾಜ್, ಮೇಡಂ. ಇಂಜಿನಿಯರ್. ನಿಧಾನ, ನಿಧಾನ. ನಾನು ಹಿಡ್ಕೊಂಡಿದೀನಿ."

"ಕೈ ಬಿಡಿ ಸಾರ್. ದಾರಿ ಹೇಳ್ಬೇಕಾಗಿರೋದು ಕಲ್ಲು, ನೀವಲ್ಲ."

ಯಾರೋ ಕಿಸಕ್ಕೆಂದರು. ಹಿಂದಿನಿಂದ ಮಧ್ವೇಶನ ಊರುಗೋಲಿನ ಸದ್ದೂ ಬರುತ್ತಿತ್ತು. ಗುರುದೇವಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಟೈಲ್ಸ್ ಮೇಲೆ ನಿಂತಳು. ಈ ಹಳದಿ ಕಲ್ಲುಗಳಲ್ಲಿ ಎರಡು ಬಗೆ. ಉದ್ದ ಗೆರೆಯದು ಸಿಕ್ಕಿದರೆ ಮುಂದೆ ನಡೆಯಬಹುದು. ಗುಳ್ಳೆಯದು ಸಿಕ್ಕಿದರೆ ನಿಲ್ಲಬೇಕು, ಮುಂದೆ ರಸ್ತೆಯೋ ಮೆಟ್ಟಿಲೋ ಗುಂಡಿಯೋ ಇದೆ. ಇಷ್ಟೇ ಇದರ ಭಾಷೆ. ಅವಳು ಹೆಜ್ಜೆ ಇಟ್ಟಳು. ಗೆರೆ. ಗುಳ್ಳೆ. ಮತ್ತೆ ಗೆರೆ. ಮತ್ತೆ ಗುಳ್ಳೆ. ನಡಿ, ನಿಲ್ಲು, ನಡಿ, ನಿಲ್ಲು. ಇಪ್ಪತ್ತು ಹೆಜ್ಜೆಯೂ ಹೀಗೇ. ಇದನ್ನು ನಂಬಿ ನಡೆಯುವವನಿಗೆ ಹತ್ತು ನಿಮಿಷದಲ್ಲಿ ಗುಳ್ಳೆಯ ಮೇಲಿನ ನಂಬಿಕೆಯೇ ಹೋಗುತ್ತದೆ. ಫೋಟೊ ತೆಗೆಯುವವನು "ಮೇಡಂ, ಸ್ವಲ್ಪ ನಗಿ" ಎಂದ. ಅವಳು ನಗಲಿಲ್ಲ.

ಮುಂದೆ ಒಂದು ಕಡೆ ಬರೀ ಗೆರೆ, ಗೆರೆ, ಗೆರೆ. ಅದರ ಕೊನೆಗೆ ಒರಟು ಚಪ್ಪಡಿ. ಅವಳು ಕುಕ್ಕರಗಾಲಲ್ಲಿ ಕೂತು ಅಂಚಿನ ಮೇಲೆ ಬೆರಳಾಡಿಸಿದಳು. ಸಿಮೆಂಟು ಬೆರಳಿಗೆ ಮೆತ್ತಿಕೊಂಡಿತು.

"ಇದನ್ನ ಯಾವಾಗ ಮುಚ್ಚಿದ್ರಿ?"

"ಮುಚ್ಚೇ ಇತ್ತಲ್ಲ ಮೇಡಂ," ಎಂದ ಗಿರಿರಾಜ್.

"ಸಿಮೆಂಟ್ ಇನ್ನೂ ಹಸಿ ಇದೆ ಸಾರ್. ನಂಗೆ ಕಣ್ಣಿಲ್ಲ ಅಷ್ಟೇ, ಬೆರಳಿದೆ." ಅವಳು ಎದ್ದು ನಿಂತಳು. "ಈ ಕಲ್ಲು ಹಾಕಿದೋರು ಯಾರು?"

ಪಕ್ಕದಲ್ಲಿ ಗಾರೆ ಕೆಲಸದ ಕರಣೆ ನೆಲಕ್ಕಿಟ್ಟ ಸದ್ದಾಯಿತು. "ನಾನ್ರೀ ಅಕ್ಕಾರ. ಕೊಟ್ರಪ್ಪ ಅಂತ."

ಬಳ್ಳಾರಿ ಸೀಮೆಯ ದನಿ. ಗುರುದೇವಿಯ ನಾಲಗೆ ತಾನಾಗಿ ಊರ ಕಡೆ ಹೊರಳಿತು. "ಹಿಂಗ್ಯಾಕ ಹಾಕೀಯಪ್ಪ?"

"ಎಲ್ಡ್ ನಮೂನಿ ಕಲ್ಲ ಬಂದಿದ್ವುರೀ. ಒಂದ್ ಇದು ಒಂದ್ ಅದು ಕೂಡ್ಸಿದ್ರ ಛಂದ ಕಾಣ್ತೈತಿ, ಡಿಸೈನ್ ಇರಬೇಕು ಅಂದ್ಕೊಂಡೆ. ಇಲ್ಲಿಗೆ ಬರೋದ್ರಾಗ ಗುಳ್ಳಿ ಕಲ್ಲ ಮುಗುದ್ವು. ಬರೇ ಗೆರಿ ಕಲ್ಲ ಹಾಕಿದ್ವಿ."

"ಅವು ಯಾಕ ಅದಾವ ಅಂತ ನಿನಗ ಯಾರೂ ಹೇಳಲಿಲ್ಲೇನು?"

"ಇಲ್ರೀ. ಕಣ್ಣ ಕಾಣದವ್ರಿಗಿ ಅಂತನೂ ಗೊತ್ತಿದ್ದಿಲ್ಲ. ಇಪ್ಪತ್ತಾರಕ್ಕ ಮಂತ್ರಿ ಬರ್ತಾರ, ಲಗೂನ ಹಾಕು ಅಂದ್ರು."

"ಏಯ್, ನಿನ್ ಕೆಲಸ ನೋಡಯ್ಯಾ ನೀನು," ಎಂದು ಗಿರಿರಾಜ್ ಗದರಿದ. ಮಂತ್ರಿಗಳು ಬಂದು ಟೇಪು ಕತ್ತರಿಸಿ ಹೋದ ಮೂರನೇ ದಿನ ರೇವಣಸಿದ್ದ ಸತ್ತಿದ್ದ.

ಶಾಮಿಯಾನದ ಕೆಳಗೆ ಗುರುದೇವಿಯನ್ನು ಕೂರಿಸಿದರು. ಇಡ್ಲಿ, ವಡೆ, ಕಾಫಿ. ಮಧ್ವೇಶ ಪಕ್ಕದಲ್ಲಿ ಬಂದು ಕೂತು ಅವಳ ತೊಡೆಯ ಮೇಲೆ ಒಂದು ಫೈಲ್ ಇಟ್ಟ.

"ಓದ್ತೀನಿ ಕೇಳು. ಇವತ್ತಿನ ತಾರೀಖು, ಫೆಬ್ರವರಿ ಹದಿನೇಳು. ನಾವು ಫುಟ್‌ಪಾತ್ ನೋಡಿದೆವು. ಕೆಲವು ಕಡೆ ಗೆರೆ ಕಲ್ಲು, ಗುಳ್ಳೆ ಕಲ್ಲು ಅದಲು ಬದಲಾಗಿದೆ. ಸರಿ ಮಾಡಿಸಬೇಕಾಗಿ ಕೇಳಿಕೊಳ್ಳುತ್ತೇವೆ. ಅಷ್ಟೇ. ನಿಂದೊಂದು ಸಹಿ."

"ಇನ್ನೊಬ್ರು ಓದ್ಲಿ."

"ಗೊತ್ತು ಕಣೇ. ಸಾರ್, ನೀವೂ ಒಂದ್ಸಲ ಓದಿಬಿಡಿ."

ಗಿರಿರಾಜ್ ಓದಿದ. ಅದೇ ಮಾತು. ಫೆಬ್ರವರಿ ಹದಿನೇಳು, ಗೆರೆ ಕಲ್ಲು, ಗುಳ್ಳೆ ಕಲ್ಲು, ಅದಲು ಬದಲು. ಎಲ್ಲೂ ತಡವರಿಸಲಿಲ್ಲ.

ಗುರುದೇವಿ ಕಾಫಿ ಕುಡಿಯುತ್ತ ಯೋಚಿಸಿದಳು. ಗೆರೆ, ಗುಳ್ಳೆಯ ಮಾತು ಬಂದದ್ದೇ ಈಗ ಹತ್ತು ನಿಮಿಷದ ಹಿಂದೆ. ಫೈಲ್ ಮಾತ್ರ ಅಷ್ಟು ಹೊತ್ತಿಗೇ ಸಿದ್ಧವಾಗಿ ಬಂದಿದೆ. ಹತ್ತು ನಿಮಿಷದ ಹಿಂದಿನ ಮಾತು ಅದರೊಳಗೆ ಹೇಗೆ ಹೋಗಿ ಕೂತಿತು? ಸಾಲದ್ದಕ್ಕೆ, ಒಂದು "ಸದರಿ" ಇಲ್ಲ, ಒಂದು "ಈ ಮೂಲಕ" ಇಲ್ಲ. ಈ ರಾಜ್ಯದಲ್ಲಿ ಸದರಿ ಇಲ್ಲದ ಸರ್ಕಾರಿ ಕಾಗದ ಹುಟ್ಟಿದ್ದುಂಟೇ? ಗಿರಿರಾಜ್ ಸುಳ್ಳು ಹೇಳಿದ್ದು ಅವಳಿಗೆ ದೊಡ್ಡದಾಗಿ ಕಾಣಲಿಲ್ಲ. ಮಧ್ವೇಶನ ಬಾಯಿ ತನ್ನ ಕಿವಿಯ ಪಕ್ಕದಲ್ಲೇ, ಇಷ್ಟು ಸಲೀಸಾಗಿ, ಇಲ್ಲದ್ದನ್ನು ಓದಿತಲ್ಲ, ಅದು ತಡೆಯಲಾಗಲಿಲ್ಲ.

ಗಿರಿರಾಜನಿಗೆ ಫೋನ್ ಬಂತು. ಮಧ್ವೇಶ ಫೋಟೊದವನನ್ನು ಹುಡುಕಿಕೊಂಡು ಹೋದ. ಊರುಗೋಲಿನ ಸದ್ದು ದೂರವಾಗುವವರೆಗೂ ಅವಳು ಕಾದಳು. ಆಮೇಲೆ ಫೈಲ್ ಹಿಡಿದು ಎದ್ದಳು. ಶಾಮಿಯಾನದ ಹಿಂದೆ ಬುತ್ತಿ ಬಿಚ್ಚಿದ ಸದ್ದು, ಶೇಂಗಾ ಚಟ್ನಿಯ ವಾಸನೆ.

"ಕೊಟ್ರಪ್ಪಾ, ಓದಾಕ ಬರ್ತದೇನು?"

"ಏಳನೇತ್ತ ತನಕ ಕಲ್ತೀನ್ರೀ."

"ಇದನ್ನ ಓದು. ಸಣ್ಣ ದನೀಲೆ."

ಕೊಟ್ರಪ್ಪ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡ. ಅಕ್ಷರ ಅಕ್ಷರವಾಗಿ ಕೂಡಿಸಿದ. "ದಿ... ದಿನಾಂಕ. ಆರು, ಒಂದು. ಸದರಿ ಕಾಮಗಾರಿಯನ್ನು... ಅಂಧ ಪ್ರತಿನಿಧಿಯಾದ ನಾನು ಖುದ್ದಾಗಿ ನಡೆದು... ಪರಿಶೀಲಿಸಿದ್ದು... ಅಂಧರ ಸಂಚಾರಕ್ಕೆ ಸಂಪೂರ್ಣ ಸು... ಸುರಕ್ಷಿತವಾಗಿರುತ್ತದೆ ಎಂದು ಈ ಮೂಲಕ ದೃ... ದೃಢೀಕರಿಸುತ್ತೇನೆ."

"ತಾರೀಖು ಏನಂದಿ?"

"ಜನವರಿ ಆರು ರೀ." ಅವನು ತುತ್ತು ನುಂಗಿದ. "ಅಕ್ಕಾರ, ಇದು ಸುಳ್ಳೈತ್ರೀ. ಜನವರಿ ಆರಕ್ಕ ಇಲ್ಲಿ ಒಂದ್ ಕಲ್ಲೂ ಇದ್ದಿದ್ದಿಲ್ಲ. ಸಂಕ್ರಾಂತಿ ಮುಗಿಸ್ಕಂಡ್ ಊರಿಂದ ಬಂದ ಮ್ಯಾಲೇ ನಾವು ಕಲ್ಲ ಹಾಕಿದ್ದು."

ಗುರುದೇವಿಗೆ ಎಲ್ಲ ತಿಳಿಯಿತು. ಈ ಕಾಗದಕ್ಕೆ ಅವಳ ಸಹಿ ಬಿದ್ದರೆ, ರೇವಣಸಿದ್ದ ಬೀಳುವ ಮುಂಚೆಯೇ ಒಬ್ಬ ಕುರುಡಿ ನಡೆದು ನೋಡಿ ದಾರಿ ಚೆನ್ನಾಗಿದೆ ಎಂದು ಹೇಳಿದಂತಾಗುತ್ತದೆ. ಒಬ್ಬಳು ನಡೆದ ದಾರಿಯಲ್ಲಿ ಇನ್ನೊಬ್ಬ ಸತ್ತರೆ ತಪ್ಪು ಯಾರದು? ಸತ್ತವನದು. ಲಕ್ಷ್ಮವ್ವನ ಕೇಸು ಅಲ್ಲಿಗೆ ಮುಗಿಯಿತು. ಏಳು ದಿನ ಬಾಗಿಲಲ್ಲಿ ಕೂತು ಗಳಿಸಿದ ಸಹಿ ರೇವಣಸಿದ್ದನನ್ನು ಎರಡನೇ ಸಲ ಗುಂಡಿಗೆ ತಳ್ಳಲು ಬೇಕಾಗಿದೆ.

ಊರುಗೋಲಿನ ಸದ್ದು ಹತ್ತಿರ ಬಂತು. ಅವಳು ಕಾಗದವನ್ನು ಮಡಿಸಿ ರವಿಕೆಯೊಳಗೆ ಸೇರಿಸಿದಳು.

"ಫೈಲ್ ಖಾಲಿ ಇದೆಯಲ್ಲ. ಕಾಗದ ಎಲ್ಲಿ?" ಎಂದ ಮಧ್ವೇಶ.

"ನನ್ನ ಹತ್ರ ಇದೆ. ಜನವರಿ ಆರು ಅಂತಿದೆ."

ಗಿರಿರಾಜ್ ಓಡಿ ಬಂದ. "ಯಾರು ಓದಿದ್ದು ನಿಮಗೆ? ಯಾರ್ರೀ ಓದಿದ್ದು?"

"ದಾರೀಲಿ ಹೋಗೋರು."

"ಅದು ಸರ್ಕಾರಿ ದಾಖಲೆ ಮೇಡಂ. ವಾಪಸ್ ಕೊಡಿ."

"ಬಂದು ತಗೊಳ್ಳಿ," ಎಂದು ಗುರುದೇವಿ ಸೆರಗು ಸರಿಮಾಡಿಕೊಂಡಳು. "ಫೋಟೊದೋರು ಇದಾರಲ್ಲ, ಅದನ್ನೂ ತೆಗೀಲಿ."

ಗಿರಿರಾಜ್ ಎರಡು ಹೆಜ್ಜೆ ಹಿಂದೆ ಸರಿದ. ಮಧ್ವೇಶ ಅವಳನ್ನು ಪಕ್ಕಕ್ಕೆ ಕರೆದ. ದನಿ ತಗ್ಗಿಸಿದ.

"ನನ್ನ ಮಾತು ಕೇಳು. ರೇವಣಸಿದ್ದ ಸತ್ತಾಯ್ತು. ನಾವು ತಲೆ ಚಚ್ಕೊಂಡ್ರೂ ಎದ್ದು ಬರಲ್ಲ. ಈ ಒಂದು ಸಹಿಗೆ ಮೂವತ್ತು ಕಿಲೋಮೀಟರ್ ಫುಟ್‌ಪಾತ್ ನಮ್ಮ ಉಸ್ತುವಾರಿಗೆ ಬಿಡ್ತಾರೆ. ಕಲ್ಲು ಹೆಂಗೆ ಹಾಕ್ಬೇಕು ಅಂತ ನಾವೇ ಹೇಳ್ಬೋದು. ಮುಂದೆ ನೂರು ಜನ ಉಳೀತಾರೆ. ಇದೂ ಹೋರಾಟನೇ ಕಣೇ."

"ಅದನ್ನ ನಂಗೆ ಹೇಳಿ ಕೇಳ್ಬೋದಿತ್ತಲ್ಲ. ಸುಳ್ಳು ಯಾಕೆ ಓದ್ದೆ?"

"ಹೇಳಿದ್ರೆ ನೀನು ಒಪ್ತಿದ್ಯಾ?"

"ಇಲ್ಲ."

"ಮತ್ತೆ?"

"ಅದಕ್ಕೆ ಕಣ್ಣಿಲ್ದೋಳ ಕಣ್ಣಿಗೆ ಮಣ್ಣೆರಚಿದೆ, ಅಲ್ವಾ? ಆ ಮ್ಯಾನೇಜರು ನನ್ನ ಹೆಬ್ಬೆಟ್ಟು ಹಿಡಿದು ಅದ್ದಿದ. ಅವನೇ ವಾಸಿ ಮಧ್ವೇಶ. ಹಿಡ್ಕೊಂಡಿದಾನೆ ಅಂತ ನಂಗೆ ಗೊತ್ತಾಗ್ತಿತ್ತು."

"ಆ ಕೋಣೆ ಅವರದ್ದು ಅನ್ನೋದು ನೆನಪಿರ್ಲಿ," ಎಂದ ಅವನು. ಈ ಮಾತಿನಲ್ಲಿ ಸುಳ್ಳಿರಲಿಲ್ಲ.

ವಾಪಸ್ಸು ಹೋಗಲು ಜೀಪು ಇರಲಿಲ್ಲ. ಅವಳು ಎರಡು ಬಸ್ ಹತ್ತಿ ಇಳಿದು ಮನೆ ಸೇರಿದಳು. ಕಾಗದ ಬೆವರಿಗೆ ಎದೆಗೆ ಅಂಟಿಕೊಂಡಿತ್ತು.

ಮಾರನೇ ಬೆಳಿಗ್ಗೆ ಅವಳು ಕೋಣೆಗೆ ಹೋದಾಗ ಐವರೂ ಹೊರಗೆ ನಿಂತಿದ್ದರು. ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಗುರುದೇವಿ ಮುಟ್ಟಿ ನೋಡಿದಳು. ಅಂಗೈಯಗಲದ ಬೀಗ. ನಡೆದದ್ದನ್ನು ಅವರಿಗೆ ಚುಟುಕಾಗಿ ಹೇಳಿದಳು.

"ನಮ್ಮನ್ನ ಒಂದು ಮಾತು ಕೇಳಿದ್ಯೇನೇ ನೀನು?"

ಅನಂತಲಕ್ಷ್ಮಿಯ ದನಿ. ಆರು ಜನರಲ್ಲಿ ಹಿರಿಯಳು, ಅರವತ್ತೈದು ದಾಟಿದವಳು. ಅವಳಿಗೆ ಬೇರೆ ಮನೆಯಿಲ್ಲ. ಹನ್ನೊಂದು ವರ್ಷದಿಂದ ಆ ಕೋಣೆಯಲ್ಲೇ ಬೆತ್ತದ ಕಟ್ಟುಗಳ ಹಿಂದೆ ಮಲಗುತ್ತಾಳೆ. ನಿನ್ನೆ ರಾತ್ರಿ ಅವಳನ್ನು ಹೊರಗೆ ಕಳಿಸಿ ಬೀಗ ಹಾಕಿದ್ದರು. ಎದುರಿನ ಬೇಕರಿಯ ಕಟ್ಟೆಯ ಮೇಲೆ ಕೂತು ಬೆಳಗು ಮಾಡಿದ್ದಳು.

"ಇಲ್ಲ ಅನಂತಕ್ಕ. ಕೇಳೋಕೆ ಹೊತ್ತಿರ್ಲಿಲ್ಲ."

"ಅವರೂ ಹಂಗೇ ಅಂತಾರೆ. ನಮ್ಮ ವಿಷಯದಲ್ಲಿ ನಮ್ಮನ್ನ ಕೇಳೋಕೆ ಯಾರಿಗೂ ಹೊತ್ತಿರಲ್ಲ."

ಮಾತು ನಿಜವಾಗಿತ್ತು. ಆದರೆ ಗುರುದೇವಿಗೆ ಅವಳ ಮೇಲೆ ಒಂದು ಅನುಮಾನವೂ ಇತ್ತು. ಅನಂತಲಕ್ಷ್ಮಿಗೆ ಸಕ್ಕರೆ ಕಾಯಿಲೆ, ಮಾತ್ರೆ ತಂದುಕೊಡುವವನು ಮಧ್ವೇಶ. ಕೋಣೆಯ ಮಾತು ಅವನ ಕಿವಿಗೆ ಹೋಗುವುದು ಇವಳಿಂದಲೇ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು.

ಆಟೊ ಬಂದು ನಿಂತಿತು. ಊರುಗೋಲಿನ ಸದ್ದು, ಜೊತೆಗೆ ಕೀಗೊಂಚಲಿನ ಸದ್ದು.

"ಬೀಗ ನಾನು ಹಾಕಿದ್ದಲ್ಲ ಕಣ್ರಮ್ಮ," ಎಂದ ಮಧ್ವೇಶ. "ಕೈಕಾಲು ಹಿಡಿದು ಕೀ ಇಸ್ಕೊಂಡು ಬಂದಿದೀನಿ. ಕಾಗದ ಕೊಡಿ, ಕೀ ತಗೊಳ್ಳಿ. ಇನ್ನು ಮಾತು ಬೇಡ."

ಗುರುದೇವಿ ರವಿಕೆಯಿಂದ ಕಾಗದ ತೆಗೆದಳು. ನಿನ್ನೆ ಒಬ್ಬಳೇ ತೀರ್ಮಾನ ಮಾಡಿದ್ದಾಗಿತ್ತು. ಇವತ್ತೂ ಒಬ್ಬಳೇ ಮಾಡಿದರೆ ತನಗೂ ಮಧ್ವೇಶನಿಗೂ ಏನು ವ್ಯತ್ಯಾಸ? ಅವಳು ಅನಂತಲಕ್ಷ್ಮಿಯ ಕೈ ಹುಡುಕಿ ಕಾಗದವನ್ನು ಅದರಲ್ಲಿಟ್ಟಳು.

"ಹೆಚ್ಚು ಕಳ್ಕೊಳ್ಳೋಳು ನೀನು. ನೀನೇ ಹೇಳು ಅನಂತಕ್ಕ."

ಅನಂತಲಕ್ಷ್ಮಿ ಕಾಗದವನ್ನು ಮುದುರಿಕೊಂಡ ಸದ್ದು ಕೇಳಿಸಿತು. ಅವಳ ಚಪ್ಪಲಿ ನೆಟ್ಟಗೆ ಮಧ್ವೇಶನ ಕಡೆ ನಡೆಯಿತು. ಹೋಯಿತು, ಎಲ್ಲ ಹೋಯಿತು ಎಂದುಕೊಂಡಳು ಗುರುದೇವಿ. ಮುದುಕಿಯ ಮೇಲೆ ಸಿಟ್ಟು ಮಾಡಲೂ ಮನಸ್ಸು ಬರಲಿಲ್ಲ.

"ಮೊದಲು ಕೀ ಕೊಡಪ್ಪ," ಎಂದಳು ಅನಂತಲಕ್ಷ್ಮಿ. "ರಾತ್ರಿಯಿಂದ ಮಾತ್ರೆ ನುಂಗಿಲ್ಲ."

ಮಧ್ವೇಶ ಕೀ ಕೊಟ್ಟ. ಬೀಗ ತೆರೆಯಿತು. ಅನಂತಲಕ್ಷ್ಮಿ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಏನನ್ನೋ ಎಳೆದಾಡುವ ಸದ್ದು, ಪಾತ್ರೆ ಬಿದ್ದ ಸದ್ದು. ಆಮೇಲೆ ಹೊರಗೆ ಬಂದಳು, ಟ್ರಂಕನ್ನು ನೆಲದ ಮೇಲೆ ಎಳೆದುಕೊಂಡು. ಬಾಗಿಲು ಮುಂದಕ್ಕೆಳೆದು ಬೀಗ ಹಾಕಿದಳು.

"ಮಧ್ವೇಶ, ಕೈ ನೀಡು."

ಅವನ ಅಂಗೈ ಮೇಲೆ ಕೀ ಬಿತ್ತು.

"ನನ್ನ ಹಾಸಿಗೆ, ಟ್ರಂಕು ತಗೊಂಡೆ. ಇಕೋ, ನಿನ್ನ ಕೋಣೆ."

"ಮತ್ತೆ ಕಾಗದ?"

"ಕಾಗದ ಕೊಡ್ತೀನಿ ಅಂತ ನಿಂಗೆ ಯಾರು ಹೇಳಿದ್ರು?"

ಮಧ್ವೇಶ ಏನೋ ಹೇಳಹೋದ. ಅನಂತಲಕ್ಷ್ಮಿ ಅವನ ಕಡೆ ತಿರುಗಲಿಲ್ಲ. ಸುತ್ತಿದ ಹಾಸಿಗೆಯನ್ನು ಗುರುದೇವಿಯ ಎದೆಗೆ ದಬ್ಬಿದಳು.

"ಹಿಡ್ಕೋ. ನನ್ನನ್ನ ಕೇಳದೆ ಮಾಡ್ದೆಯಲ್ಲ, ಆ ಕೋಪ ಹೋಗಿಲ್ಲ, ಅದಕ್ಕೆ ಆಮೇಲೆ ಜಗಳ ಆಡೋಣ. ಲಕ್ಷ್ಮವ್ವನ ಮನೆ ಎಲ್ಲಿ?"

"ಮಲ್ಲತ್ತಹಳ್ಳಿ."

"ಈ ಕಾಗದ ಅವಳ ಕೈಗೆ ಕೊಡ್ಬೇಕು. ನಡಿ, ಬಸ್ ಸ್ಟಾಪಿಗೆ."